ಸೆಕೆಂಡ್ ಹ್ಯಾಂಡ್ ಕಾರು: ಇ20 ಕಾಲದಲ್ಲಿ 2017ರದ್ದಾ, 2023ರದ್ದಾ?

ಬಂಕಿನಲ್ಲಿ ಈಗ ಸಾದಾ ಪೆಟ್ರೋಲ್ ಅಂದರೆ ಇ20. ನೂರಕ್ಕೆ 20 ಪಾಲು ಎಥೆನಾಲ್. ಹಾಗಾಗಿ ಹಳೇ ಕಾರು ಕೊಳ್ಳುವವರು ಮೊದಲು ತಯಾರಾದ ವರ್ಷ ನೋಡಬೇಕು.

ಎಥೆನಾಲ್‌ನಲ್ಲಿ ಪೆಟ್ರೋಲಿಗಿಂತ ಶಕ್ತಿ ಸುಮಾರು ಮೂರನೇ ಒಂದು ಭಾಗ ಕಡಿಮೆ. ನೀತಿ ಆಯೋಗದ 2021ರ ವರದಿಯ ಅಂದಾಜಿನಂತೆ, ಇ10ಕ್ಕೆ (ನೂರಕ್ಕೆ 10 ಪಾಲು ಎಥೆನಾಲ್) ಹೊಂದಿಸಿದ ಹಳೇ ಕಾರಿನ ಮೈಲೇಜ್ ಶೇ 6–7 ಇಳಿಯುತ್ತದೆ. ಲೀಟರಿಗೆ 15 ಕಿ.ಮೀ. ಕೊಡ್ತಿದ್ದದ್ದು 14ಕ್ಕೆ ಬಂತು ಅನ್ನಿ. ಇ20ಕ್ಕೇ ಹೊಂದಿಸಿದ ಕಾರಲ್ಲಿ ಶೇ 1–2 ಅಷ್ಟೇ.

ನನಗೆ ಮೈಲೇಜಿಗಿಂತ ಜಾಸ್ತಿ ತಲೆನೋವು ಅನ್ನಿಸೋದು ರಬ್ಬರ್. ಹಳೇ ಪೈಪು, ಗ್ಯಾಸ್ಕೆಟ್, ಓ-ರಿಂಗ್ ಎಥೆನಾಲ್‌ಗೆ ಉಬ್ಬುತ್ತವೆ, ಬಿರುಕು ಬಿಡುತ್ತವೆ. ಎಥೆನಾಲ್ ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ತಿಂಗಳುಗಟ್ಟಲೆ ಸುಮ್ನೆ ನಿಂತ ಕಾರಿನ ಟ್ಯಾಂಕಿನ ತಳಕ್ಕೆ ನೀರು ಇಳಿಯಬಹುದು, ತುಕ್ಕು ಹಿಡಿಯಬಹುದು. 2023ರ ಏಪ್ರಿಲ್ ನಂತರ ತಯಾರಾದವುಗಳಲ್ಲಿ ಇ20 ತಡೆಯುವ ಭಾಗಗಳೇ ಇವೆ.

ಇ20ಯ ಆಕ್ಟೇನ್ (ಇಂಜಿನ್ ಬಡಿತ ತಡೆಯುವ ಗುಣ) ಜಾಸ್ತಿ, ನಿಜ. ಹಳೇ ಇಂಜಿನ್‌ಗೆ ಅದರಿಂದ ದೊಡ್ಡ ಲಾಭವಿಲ್ಲ.

ದಿನಾ ಓಡಿಸ್ತೀರಾ, ಬಜೆಟ್ ಬಿಗಿ ಇದೆಯಾ? 2017ರದ್ದು ತಗೊಳ್ಳಿ, ಇಂಧನದ ಪೈಪುಗಳನ್ನು ಬದಲಾಯಿಸುವ ಖರ್ಚನ್ನು ಬೆಲೆಯಲ್ಲೇ ಕಳೆಯಿರಿ. ವಾರಕ್ಕೊಮ್ಮೆ ಮಾತ್ರ ತೆಗೆಯೋದಾದರೆ 2023ರದ್ದೇ ವಾಸಿ.