ವೈಪಿಯೊ ಕಣಿವೆ ಟೂರ್‌ಗೆ ದುಡ್ಡು ಕಟ್ಟುವ ಮುಂಚೆ ಇದನ್ನು ಓದಿ, ನಮ್ಮ 660 ಡಾಲರ್ ಹೋಯಿತು

ಹವಾಯಿಯ ಬಿಗ್ ಐಲ್ಯಾಂಡಿಗೆ ಹೊರಟಿದ್ದೀರಾ? ವೈಪಿಯೊ ಕಣಿವೆ ತೋರಿಸ್ತೀವಿ ಅಂತ ಯಾರಾದರೂ ದುಡ್ಡು ಕೇಳಿದರೆ ತಕ್ಷಣ ಕಾರ್ಡ್ ತೆಗೆಯಬೇಡಿ. ಇದನ್ನು ಬರೆಯೋಕೆ ನನಗೆ ನಾಚಿಕೆ ಆಗುತ್ತಿದೆ, ಯಾಕಂದ್ರೆ ನಮ್ಮ ಗುಂಪಿನಲ್ಲಿ ಎಲ್ಲರ ಟ್ರಿಪ್ ಪ್ಲಾನ್ ಮಾಡಿಕೊಡುವ ಬುದ್ಧಿವಂತ ನಾನೇ.

ಊರಿಂದ ಅಪ್ಪ ಅಮ್ಮ ಬಂದಿದ್ದರು. ಅಪ್ಪ ಸಾಗರದವರು, ಜೋಗ ನೋಡಿಕೊಂಡೇ ಬೆಳೆದವರು. ವೈಪಿಯೊದ ಹಿಯಿಲಾವೆ ಜಲಪಾತ ಸುಮಾರು 1,450 ಅಡಿ ಅಂದೆ. ‘ಜೋಗ 830. ಅದಕ್ಕಿಂತ ಜಾಸ್ತೀನಾ? ನೋಡೇಬಿಡೋಣ’ ಅಂದರು. ಕೆಳಗೆ ಕಪ್ಪು ಮರಳಿನ ಬೀಚು, ಕೆಸುವಿನ ಗದ್ದೆಗಳು. ಕೆಸು ಅಂದಮೇಲೆ ಪತ್ರೊಡೆ ನೆನಪಾಗಿ ಅಮ್ಮನೂ ತಯಾರು.

ಕಣಿವೆಗೆ ಇಳಿಯುವ ರಸ್ತೆ ವಿಪರೀತ ಕಡಿದು, ಸರಾಸರಿ 25 ಪರ್ಸೆಂಟ್ ಇಳಿಜಾರು. ಬಂಡೆ ಬೀಳುವ ಭಯಕ್ಕೆ 2022ರ ಫೆಬ್ರವರಿಯಲ್ಲಿ ಕೌಂಟಿಯವರು (ಅಲ್ಲಿನ ಸ್ಥಳೀಯ ಆಡಳಿತ) ಪ್ರವಾಸಿಗರಿಗೆ ಅದನ್ನು ಮುಚ್ಚಿದರು. ಸ್ವಂತ ಕಾರಲ್ಲಿ ಬಿಡಿ, ನಡೆದುಕೊಂಡೂ ಇಳಿಯುವ ಹಾಗಿಲ್ಲ. ಪರವಾನಗಿ ಇರುವ ಟೂರ್‌ನವರ ಜೊತೆ ಮಾತ್ರ. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದಿದ್ದೇ ತಪ್ಪಾಯಿತು ನೋಡಿ. ಫೋನಿನಲ್ಲಿ ಟೂರ್ ಕಂಪನಿಯ ಮನುಷ್ಯ ‘ನೀವಾಗೇ ಇಳಿಯೋಕೆ ಆಗಲ್ಲ ಸರ್, ಟೂರ್ ಬೇಕೇ ಬೇಕು’ ಅಂದ. ಅದು ನಿಜ ತಾನೆ? ನಿಜ ಹೇಳಿದನಲ್ಲ ಅಂತ ಮಿಕ್ಕಿದ್ದನ್ನೂ ನಂಬಿಬಿಟ್ಟೆ. ತಲೆಗೆ 165 ಡಾಲರ್, ನಾಲ್ಕು ಜನ, ಪೂರ್ತಿ ಮುಂಗಡ.

ಬೆಳಗ್ಗೆ ಬಂದಿದ್ದು ಮಾಮೂಲಿ ವ್ಯಾನು. ಆ ರಸ್ತೆಗೆ ಫೋರ್ ವೀಲ್ ಡ್ರೈವ್ ಇಲ್ಲದೆ ಆಗುವುದಿಲ್ಲ, ನನಗೆ ಅಲ್ಲೇ ಹೊಳೆಯಬೇಕಿತ್ತು. ಮುಂದೆ ಗಾಡಿ ಬದಲಾಯಿಸ್ತಾರೇನೋ ಅಂದುಕೊಂಡೆ. ಹೊನೊಕಾ ಊರಲ್ಲಿ ಡ್ರೈವರ್ ಮಲಸಾಡಾ (ಎಣ್ಣೆಯಲ್ಲಿ ಕರಿದ ಸಿಹಿ ಬನ್ನು) ತಿನ್ನಿಸಿದ, ಅದಕ್ಕೂ ನಾವೇ ದುಡ್ಡು ಕೊಟ್ಟಿದ್ದು. ಆಮೇಲೆ 240ನೇ ಹೈವೇ ಮುಗಿಯುವ ವ್ಯೂ ಪಾಯಿಂಟಿನಲ್ಲಿ ನಿಲ್ಲಿಸಿ ‘ನಲವತ್ತೈದು ನಿಮಿಷ ಇದೆ, ಫೋಟೋ ತೆಗೀರಿ’ ಅಂದ.

‘ಯಾವಾಗ ಇಳಿಯೋದು?’

‘ಇಳಿಯೋದಾ? ಇದೇ ಸರ್ ಟೂರ್.’

ಆ ವ್ಯೂ ಪಾಯಿಂಟಿಗೆ ಟಿಕೆಟ್ಟೇ ಇಲ್ಲ! ಯಾರು ಬೇಕಾದರೂ ಪುಕ್ಕಟೆ ಹೋಗಿ ನಿಲ್ಲಬಹುದು. ನಾವು 660 ಡಾಲರ್ ಕೊಟ್ಟು ನಿಂತಿದ್ದೆವು. ಬೀಚು ಕೆಳಗೆ ದೂರದಲ್ಲಿ ಕಪ್ಪು ಗೆರೆ ಎಳೆದ ಹಾಗೆ. ಹಿಯಿಲಾವೆ ಕಾಣಲೇ ಇಲ್ಲ, ಅದು ಕಣಿವೆಯ ಒಳಗೆ ಹಿಂದಕ್ಕಿದೆ. ಕೇಳಿದ್ದಕ್ಕೆ ದುರ್ಬೀನು ಕೊಟ್ಟ. ಅಷ್ಟರಲ್ಲಿ ಬೇರೆ ಟೂರ್‌ನ ಗಾಡಿಯೊಂದು ನಮ್ಮ ಪಕ್ಕದಲ್ಲೇ ಗುರ್ ಅಂತ ಕೆಳಗೆ ಇಳಿಯಿತು, ಒಳಗಿದ್ದವರು ಕೈ ಬೀಸಿದರು, ಅಮ್ಮ ಪಾಪ ವಾಪಸ್ ಕೈ ಬೀಸಿದಳು. ಅಪ್ಪ ಒಂದೇ ಮಾತು: ‘ಇಷ್ಟೇನಾ?’ ನಾನು ‘ಮಳೆ ಇತ್ತಂತೆ, ಅದಕ್ಕೆ ಬಿಡಲಿಲ್ಲ’ ಅಂತ ಸುಳ್ಳು ಹೇಳಿದೆ. ಮೋಸ ಹೋಗಿದ್ದೂ ನಾನೇ, ಸುಳ್ಳು ಹೇಳಿದ್ದೂ ನಾನೇ. ಆ ಉರಿ ಇನ್ನೂ ಇಳಿದಿಲ್ಲ.

ರಾತ್ರಿ ಮೆಸೇಜ್ ಹಾಕಿದೆ. ಉತ್ತರ: ‘ಕಣಿವೆಯ ಅನುಭವ ಅಂತ ಬರೆದಿದ್ದೇವೆ, ಕಣಿವೆಗೆ ಇಳಿಸ್ತೀವಿ ಅಂತ ಎಲ್ಲಿದೆ ತೋರಿಸಿ.’ ಹುಡುಕಿದೆ. ಎಲ್ಲೂ ಇಲ್ಲ! ಬೀಚಿನ ಫೋಟೋ ಇದೆ, ಜಲಪಾತದ ಫೋಟೋ ಇದೆ, ಇಳಿಸ್ತೀವಿ ಅನ್ನುವ ಒಂದು ಮಾತಿಲ್ಲ. ಫೋನಿನಲ್ಲಿ ಹೇಳಿದ್ರಲ್ಲ ಅಂದೆ. ‘ಟೂರ್ ಬೇಕು ಅಂದೆವು, ನಮ್ಮದೇ ಟೂರ್ ಅಂದೆವಾ?’ ಇಂಥ ಉತ್ತರ! ಮೂರನೇ ಮೆಸೇಜಿಗೆ ‘ನಿಮ್ಮ ತಂದೆತಾಯಿ ಖುಷಿಯಾಗಿದ್ದಂತೆ ಕಂಡರು’ ಅಂತ ಬಂತು. ನನಗೆ ಜಾಸ್ತಿ ಸಿಟ್ಟು ಬಂದಿದ್ದು ದುಡ್ಡಿಗಲ್ಲ, ಈ ಮಾತಿಗೆ.

ಬುಕ್ ಮಾಡುವವರು ‘ಕಣಿವೆಯ ತಳಕ್ಕೆ ಇಳಿಸ್ತೀರಾ, ಯಾವ ಗಾಡಿಯಲ್ಲಿ’ ಅಂತ ಕೇಳಿ, ಉತ್ತರ ಬರಹದಲ್ಲೇ ಪಡೆಯಿರಿ. ಇಳಿಸದಿದ್ದರೆ ಸುಮ್ನೆ ನಿಮ್ಮ ಬಾಡಿಗೆ ಕಾರಲ್ಲೇ ವ್ಯೂ ಪಾಯಿಂಟಿಗೆ ಹೋಗಿ ಬನ್ನಿ. ಸಿಟ್ಟಿಗೆ ನಡೆದು ಇಳಿಯೋಕೆ ಹೋಗಬೇಡಿ, ನಾನು ಎರಡು ಹೆಜ್ಜೆ ಹೋಗಿ ಕಾವಲಿನವರಿಂದ ಬೈಸಿಕೊಂಡೆ, ಅದೂ ಅಪ್ಪನ ಎದುರಿಗೇ.

ಕಾರ್ಡಿನವರಿಗೆ ದೂರು ಕೊಟ್ಟಿದ್ದೇನೆ. ಮೊನ್ನೆ ಅಪ್ಪ ಊರಿಂದ ಫೋನ್ ಮಾಡಿದಾಗ ‘ಅಲ್ಲಿ ಮಳೆ ಬಿಟ್ಟಿತಾ?’ ಅಂತ ಕೇಳಿದರು. ಅವರಿಗೆ ಗೊತ್ತಾಗಿದೆ ಅನಿಸುತ್ತದೆ.