ಹಳೆಯ ಟಿವಿಗೆ ಬದಲಿ ಪಿಕ್ಚರ್ ಟ್ಯೂಬ್: ಯಾವ ದಾರಿ ಎಷ್ಟು ದೂರ?

ಚಿತ್ರ ಮಂಕಾದ ಕೂಡಲೇ ಟ್ಯೂಬ್ ಹೋಯಿತು ಎಂದುಕೊಳ್ಳಬೇಡಿ. ಇಎಚ್‌ಟಿ (ಟ್ಯೂಬಿನ ಆನೋಡ್‌ಗೆ ಕೊಡುವ ಸಾವಿರಾರು ವೋಲ್ಟ್) ಕಡಿಮೆಯಾದರೂ, ಎಲೆಕ್ಟ್ರಾನ್‌ಗಳನ್ನು ಮುಂದಕ್ಕೆ ಎಳೆಯುವ ಸ್ಕ್ರೀನ್ ಗ್ರಿಡ್‌ಗೆ ಹೋಗುವ ರೆಸಿಸ್ಟರ್ ಕೆಟ್ಟರೂ, ವಿಡಿಯೊ ಔಟ್‌ಪುಟ್ ಸೊರಗಿದರೂ ಚಿತ್ರ ಮಂಕಾಗುತ್ತದೆ. ಎಮಿಷನ್, ಅಂದರೆ ಕ್ಯಾಥೋಡ್ ಎಲೆಕ್ಟ್ರಾನ್ ಹೊಮ್ಮಿಸುವ ಶಕ್ತಿ, ಸೋತ ಟ್ಯೂಬಿನ ಗುರುತೇ ಬೇರೆ. ಚಿತ್ರ ಬರಲು ಐದಾರು ನಿಮಿಷ ಹಿಡಿಯುತ್ತದೆ, ಕಾಂಟ್ರಾಸ್ಟ್ ಏರಿಸಿದರೆ ಬಿಳಿ ಭಾಗಗಳು ಬೆಳ್ಳಿಯಂತಾಗಿ ಮುಖಗಳ ವಿವರ ಅಳಿಸಿಹೋಗುತ್ತದೆ. ಟ್ಯೂಬಿನ ಕತ್ತಿನೊಳಗಿನ ಗೆಟರ್ (ಒಳಗುಳಿದ ಅನಿಲ ಹೀರುವ ಲೋಹದ ಲೇಪ) ಕಲೆ ಕನ್ನಡಿಯಂತೆ ಹೊಳೆಯುವ ಬದಲು ಹಾಲಿನಂತೆ ಬಿಳಿಯಾಗಿದ್ದರೆ ಒಳಗೆ ಗಾಳಿ ಹೊಕ್ಕಿದೆ ಎಂದೇ ಅರ್ಥ. ಅದಕ್ಕೆ ಮುಂದೆ ಪರೀಕ್ಷೆ ಬೇಕಿಲ್ಲ.

ಎಲ್ಲರ ಕಣ್ಣು ಮೊದಲು ಬೀಳುವುದು ಡಬ್ಬ ಒಡೆಯದ ಹಳೆಯ ಸ್ಟಾಕ್ ಮೇಲೆ. ಸಿಕ್ಕಿ, ಚೆನ್ನಾಗಿದ್ದರೆ ಅದಕ್ಕೆ ಸಾಟಿಯಿಲ್ಲ. ಆದರೆ ಡಬ್ಬ ಹೊಸದಾದ ಮಾತ್ರಕ್ಕೆ ಒಳಗಿನ ನಿರ್ವಾತವೂ ಹೊಸದಾಗಿರಬೇಕಿಲ್ಲ. ದಶಕಗಟ್ಟಲೆ ಮೂಲೆಯಲ್ಲಿ ಕುಳಿತ ಟ್ಯೂಬ್‌ಗಳಲ್ಲಿ ಸ್ವಲ್ಪ ಅನಿಲ ಸೇರಿಕೊಳ್ಳುವುದುಂಟು. ಅಂಥದ್ದಕ್ಕೆ ನೇರವಾಗಿ ಇಎಚ್‌ಟಿ ಕೊಡದೆ, ಮೊದಲು ಕ್ಯಾಥೋಡ್ ಕಾಯಿಸುವ ಹೀಟರ್ ಮಾತ್ರ ಅದರ ನಿಗದಿತ ವೋಲ್ಟೇಜಿನಲ್ಲಿ ಕೆಲವು ಗಂಟೆ ಉರಿಸಿ; ನಿದ್ದೆಹೋದ ಕ್ಯಾಥೋಡ್ ಅಷ್ಟರಲ್ಲಿ ಬಹುಪಾಲು ಎಚ್ಚರಗೊಳ್ಳುತ್ತದೆ. ಇನ್ನೊಂದು ಮಾತು: ‘ಹೊಸದು’ ಎಂದು ಬರುವವುಗಳಲ್ಲಿ ಅನೇಕವು ಹಳೆಯ ಗಾಜಿಗೆ ಹೊಸ ಗನ್ (ಎಲೆಕ್ಟ್ರಾನ್ ಹಾರಿಸುವ ಭಾಗ) ಕೂರಿಸಿದ ರೀಬಿಲ್ಟ್ ಟ್ಯೂಬ್‌ಗಳು. ಕತ್ತಿನ ಸುತ್ತ ಗಾಜು ಬೆಸೆದ ಗೆರೆ ಕಂಡರೆ ಅದೇ. ತಪ್ಪೇನಿಲ್ಲ, ಆದರೆ ಪರದೆಯ ಮೇಲೆ ಬೆಳಗುವ ಫಾಸ್ಫರ್ ಲೇಪ ಹಳೆಯದೇ. ನಡುವೆ ಕಂದು ಸುಟ್ಟ ಕಲೆ ಇದೆಯೇ ಎಂದು ಓರೆ ಬೆಳಕಿನಲ್ಲಿ ನೋಡಿ.

ಇನ್ನೊಂದು ಸೆಟ್‌ನಿಂದ ಬಿಚ್ಚಿದ ಟ್ಯೂಬ್‌ಗೆ ಹೊರನೋಟದ ಮರ್ಯಾದೆ ಕಡಿಮೆ, ಫಲಿತಾಂಶ ಮಾತ್ರ ಹೆಚ್ಚು ನಂಬಿಕೆಯದು. ಕಾರಣ ಸರಳ: ಕೊಳ್ಳುವ ಮೊದಲೇ ಅಳೆಯಬಹುದು. ಟೆಸ್ಟರ್‌ನಲ್ಲಿ 6.3 ವೋಲ್ಟ್ ಹೀಟರ್‌ಗೆ ಎಮಿಷನ್ ಓದಿಕೊಂಡು, ಹೀಟರ್ ಅನ್ನು 5 ವೋಲ್ಟ್‌ಗೆ ಇಳಿಸಿ. ಮುಳ್ಳು ನಿಧಾನವಾಗಿ, ಸ್ವಲ್ಪವೇ ಇಳಿದರೆ ಆಯುಷ್ಯ ಇದೆ. ದಡಕ್ಕನೆ ಕುಸಿದರೆ ಮೊದಲ ಓದು ಎಷ್ಟೇ ಚೆನ್ನಾಗಿದ್ದರೂ ಬೇಡ. ಬಣ್ಣದ ಟ್ಯೂಬಾದರೆ ಮೂರು ಗನ್‌ಗಳೂ ಹತ್ತಿರಹತ್ತಿರ ಇರಬೇಕು. ಕೆಂಪು ಗನ್ ಒಂದೇ ಸೋತಿದ್ದರೂ ಗ್ರೇ ಸ್ಕೇಲ್ (ಬಣ್ಣದ ಛಾಯೆಯಿಲ್ಲದ ಕಪ್ಪು-ಬೂದು-ಬಿಳಿ) ಕೂರುವುದಿಲ್ಲ. 1970ರ ದಶಕದಿಂದ ಬಂದ ಇನ್‌ಲೈನ್ ಗನ್ (ಮೂರು ಗನ್ ಒಂದೇ ಸಾಲಿನಲ್ಲಿರುವ) ಟ್ಯೂಬ್‌ಗಳನ್ನು ಯೋಕ್ (ಕತ್ತಿನ ಮೇಲಿನ, ಕಿರಣ ಬಾಗಿಸುವ ಕಾಯಿಲ್‌ಗಳು) ಸಮೇತವೇ ತೆಗೆದುಕೊಳ್ಳಿ. ಮೂರು ಕಿರಣಗಳು ಒಂದೆಡೆ ಸೇರುವ ಕನ್ವರ್ಜೆನ್ಸ್ ಆ ಜೋಡಿಗೆ ಹೊಂದಿಸಿಟ್ಟದ್ದು, ಬಿಡಿಸಿದರೆ ಮರಳಿ ಹೊಂದಿಸುವುದು ದಿನಗಟ್ಟಲೆ ಕೆಲಸ. ಆದರೆ ಯೋಕ್ ಸಮೇತ ಹಾಕುವಾಗ ಅದರ ಹಾರಿಜಾಂಟಲ್ ಕಾಯಿಲ್‌ನ ಇಂಡಕ್ಟೆನ್ಸ್ ಮೊದಲಿನ ಯೋಕ್‌ಗೆ ಹತ್ತಿರವಿರಬೇಕು, ಇಲ್ಲವಾದರೆ ಅಗಲವೂ ಇಎಚ್‌ಟಿಯೂ ದಾರಿ ತಪ್ಪುತ್ತವೆ.

ಅದೇ ನಂಬರ್ ಎಲ್ಲೂ ಸಿಗದಾಗ ಬದಲಿ ನಂಬರ್. ಬುದ್ಧಿವಂತಿಕೆ ಬೇಕಾಗುವುದು ಇಲ್ಲೇ. ಅಮೆರಿಕದ ನಂಬರುಗಳಲ್ಲಿ ಮೊದಲ ಅಂಕೆ ಪರದೆಯ ಇಂಚು, ಕೊನೆಯ ಪಿ4 ಎಂದರೆ ಕಪ್ಪುಬಿಳುಪು, ಪಿ22 ಎಂದರೆ ಬಣ್ಣ. ಹಳೆಯ ಯೂರೋಪಿಯನ್ ನಂಬರುಗಳಲ್ಲಿ ಎಂಡಬ್ಲ್ಯು ಎಂದರೆ ಮ್ಯಾಗ್ನೆಟಿಕ್ ಫೋಕಸ್, ಎಡಬ್ಲ್ಯು ಎಂದರೆ ಎಲೆಕ್ಟ್ರೊಸ್ಟ್ಯಾಟಿಕ್. ಮುಂದಿನ ಅಂಕೆ ಸೆಂಟಿಮೀಟರ್. ಫೋಕಸ್ ಬಗೆ ಬೇರೆಯಾದರೆ ಆ ಬದಲಿಯನ್ನು ಮರೆತುಬಿಡಿ. ಆಮೇಲೆ ಡಿಫ್ಲೆಕ್ಷನ್ ಕೋನ, ಅಂದರೆ ಕಿರಣ ಬಾಗುವ ಕೋನ: ಎಡಬ್ಲ್ಯು43-80 ಮತ್ತು ಎಡಬ್ಲ್ಯು43-88 ಎರಡೂ 17 ಇಂಚಿನವೇ, ಆದರೆ ಒಂದು 90 ಡಿಗ್ರಿ, ಇನ್ನೊಂದು 110. 90 ಡಿಗ್ರಿ ಸೆಟ್‌ಗೆ 110ರ ಟ್ಯೂಬ್ ಕಟ್ಟಿದರೆ ರಾಸ್ಟರ್ (ಕಿರಣ ಬರೆಯುವ ಬೆಳಕಿನ ಚೌಕ) ಪರದೆ ತುಂಬುವುದೇ ಇಲ್ಲ.

ಹೀಟರ್ ಲೆಕ್ಕದಲ್ಲಿ ತುಂಬ ಜನ ಎಡವುತ್ತಾರೆ. ಎಲ್ಲ ಟ್ಯೂಬ್‌ಗಳ ಹೀಟರ್‌ಗಳು ಒಂದರ ಹಿಂದೊಂದು ಜೋಡಿಸಿದ 600 ಮಿಲಿಆಂಪ್ ಸೀರೀಸ್ ಸರಪಳಿಗೆ 450 ಮಿಲಿಆಂಪ್ ಟ್ಯೂಬ್ ಹಾಕಬೇಕಾದರೆ ಹೆಚ್ಚುವರಿ 150 ಮಿಲಿಆಂಪ್‌ಗೆ ಪಕ್ಕದಾರಿ ಬೇಕು: ಹೀಟರ್‌ಗೆ ಅಡ್ಡಲಾಗಿ 42 ಓಮ್. ಅದರಲ್ಲಿ ಸುಮಾರು 1 ವಾಟ್ ಶಾಖ ಹುಟ್ಟುತ್ತದೆ, ಆದ್ದರಿಂದ 3 ವಾಟ್‌ನದ್ದು ಹಾಕಿ. ಪೋರ್ಟಬಲ್ ಸೆಟ್‌ಗಳ ಸಣ್ಣ ಕತ್ತಿನ ಟ್ಯೂಬ್‌ಗಳಲ್ಲಿ ಹೀಟರ್ 11-12 ವೋಲ್ಟ್‌ನದ್ದು, ಅಲ್ಲಿಗೆ 6.3ರ ಟ್ಯೂಬ್ ಸಿಕ್ಕಿಸಿದರೆ ಅದು ಅಲ್ಲೇ ಸುಟ್ಟಿತು. ಎರಡನೇ ಗ್ರಿಡ್ (ಸ್ಕ್ರೀನ್ ಗ್ರಿಡ್) ವೋಲ್ಟೇಜನ್ನೂ ನೋಡಿ. ಕೆಲವು 110 ಡಿಗ್ರಿ ಟ್ಯೂಬ್‌ಗಳಿಗೆ ಸುಮಾರು 50 ವೋಲ್ಟ್ ಸಾಕು. ಅವಕ್ಕೆ 400 ವೋಲ್ಟ್ ಸಿಕ್ಕರೆ ಬ್ರೈಟ್‌ನೆಸ್ ಪೂರ್ತಿ ಇಳಿಸಿದರೂ ಪರದೆ ಕತ್ತಲಾಗದು.

1940ರ ದಶಕದ 10ಬಿಪಿ4ಗೆ 10ಎಫ್‌ಪಿ4 ಒಳ್ಳೆಯ ಬದಲಿ. ಎರಡನೆಯದರ ಪರದೆಗೆ ಅಲ್ಯೂಮಿನಿಯಂ ಲೇಪವಿದೆ, ಗನ್ ನೇರವಾಗಿದೆ, ಹಾಗಾಗಿ ಪರದೆ ಸುಡುವ ಅಯಾನ್‌ಗಳನ್ನು ಬೇರ್ಪಡಿಸಲು ಕತ್ತಿಗೆ ಹಾಕಿದ್ದ ಅಯಾನ್ ಟ್ರ್ಯಾಪ್ ಮ್ಯಾಗ್ನೆಟ್ ತೆಗೆದುಹಾಕಬೇಕು. ಇಎಚ್‌ಟಿ ಸೊರಗಿದ ಸೆಟ್‌ನಲ್ಲಿ ಮಾತ್ರ ಅದರಿಂದ ಲಾಭವಿಲ್ಲ: ಎಲೆಕ್ಟ್ರಾನ್‌ಗಳ ಶಕ್ತಿಯ ಒಂದು ಪಾಲನ್ನು ಆ ಲೇಪವೇ ನುಂಗುತ್ತದೆ. ಬದಲಿ ಟ್ಯೂಬಿನ ಹೊರಮೈಗೆ ಕಪ್ಪು ಗ್ರಾಫೈಟ್ ಲೇಪವಿಲ್ಲದಿದ್ದರೆ ಇಎಚ್‌ಟಿಯ ಫಿಲ್ಟರ್ ಕೆಪಾಸಿಟರ್ ಇಲ್ಲದಂತಾಯಿತು. ಅದರ ಜಾಗಕ್ಕೆ 500 ಪಿಕೊಫ್ಯಾರಡ್, 20 ಕಿಲೋವೋಲ್ಟ್ ಕೆಪಾಸಿಟರ್ ಕೂರಿಸಿ. ಹಳೆಯ ಕಂಪ್ಯೂಟರ್ ಮಾನಿಟರ್‌ನ ಹಸಿರು ಪಿ39 ಟ್ಯೂಬ್ ಗಾತ್ರದಲ್ಲಿ ಸರಿಹೋಗುತ್ತದೆಂದು ಮೋಸಹೋಗಬೇಡಿ. ಅದರ ಬೆಳಕು ಬೇಗ ಆರುವುದಿಲ್ಲ, ಓಡುವ ಚೆಂಡಿಗೆ ಬಾಲ ಬೆಳೆಯುತ್ತದೆ.

ಹೀಟರ್ ವೋಲ್ಟೇಜ್ ಏರಿಸುವ ಬೂಸ್ಟರ್, ಎಣ್ಣೆ ತೀರುತ್ತಿರುವ ದೀಪದ ಬತ್ತಿ ಏರಿಸಿದಂತೆ. 6.3ನ್ನು 7.8ರ ಆಸುಪಾಸಿಗೆ ತಂದರೆ ಬೆಳಕು ಬರುವುದು ನಿಜ, ಎಣ್ಣೆ ಬೇಗ ತೀರುವುದೂ ನಿಜ. ಗ್ರಿಡ್‌ಗೆ ಧನ ವೋಲ್ಟೇಜ್ ಕೊಟ್ಟು ಕ್ಯಾಥೋಡ್ ಮೇಲ್ಮೈ ಸುಲಿಯುವ ರಿಜುವನೇಷನ್ ಇನ್ನೂ ಒರಟು. ಕ್ಯಾಥೋಡ್ ಮೇಲೆ ಲೇಪ ಉಳಿದಿದ್ದರೆ ತಿಂಗಳುಗಟ್ಟಲೆ ನಡೆಯಬಹುದು, ಉಳಿದಿಲ್ಲದಿದ್ದರೆ ಅದೇ ಅದರ ಕೊನೆ. ಬೇರೆ ಟ್ಯೂಬ್ ಕೈಯಲ್ಲಿರುವಾಗ ಮಾತ್ರ ಕೈಹಾಕಿ. ಹೀಟರ್ ಮತ್ತು ಕ್ಯಾಥೋಡ್ ನಡುವಿನ ಶಾರ್ಟ್‌ಗೆ ಇವೆರಡೂ ಬೇಕಿಲ್ಲ. ಹೀಟರ್‌ಗೆ ಪ್ರತ್ಯೇಕ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಹಾಕಿದರೆ ಆ ಟ್ಯೂಬ್ ವರ್ಷಗಳ ಕಾಲ ಸುಮ್ಮನೆ ಕೆಲಸ ಮಾಡುತ್ತದೆ.

ರೀಬಿಲ್ಡ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಈ ಕೆಲಸ ಮಾಡುತ್ತಿದ್ದ ಅಮೆರಿಕದ ಹಾಕ್-ಐ 2010ರಲ್ಲಿ, ಫ್ರಾನ್ಸಿನ ಆರ್‌ಎಸಿಎಸ್ 2013ರಲ್ಲಿ ಬಾಗಿಲು ಹಾಕಿದ ಮೇಲೆ ಅದು ಆರ್ಡರ್ ಕೊಟ್ಟು ಕಾಯುವ ದಾರಿಯಾಗಿ ಉಳಿದಿಲ್ಲ.

ಪರದೆಯ ಅಂಚಿನಿಂದ ಒಳಗೆ ಹಬ್ಬುವ ಬಿಳಿ ಪೊರೆ ಮಾತ್ರ ಟ್ಯೂಬ್ ಬದಲಿಸಲು ಕಾರಣವಲ್ಲ. ಅದು ಮುಂದಿನ ರಕ್ಷಣಾ ಗಾಜನ್ನು ಹಿಡಿದಿಟ್ಟ ಅಂಟು ಕೊಳೆತದ್ದು. ಬಿಸಿ ಮಾಡಿ, ನಿಧಾನವಾಗಿ ಗಾಜು ಬಿಡಿಸಿ, ಒರೆಸಿ ಮರಳಿ ಕೂರಿಸಬಹುದು. ಆ ಗಾಜಿಲ್ಲದೆ ಟ್ಯೂಬ್ ಓಡಿಸಬೇಡಿ. ಅದು ಸ್ಫೋಟದಿಂದ ಕಾಯುವ ಗಾಜು.

ಯಾವ ದಾರಿ ಹಿಡಿದರೂ ಬಿಚ್ಚುವ ಮೊದಲು ಆನೋಡನ್ನು ಟ್ಯೂಬಿನ ಹೊರಲೇಪದ ತಂತಿಗೇ ಡಿಸ್ಚಾರ್ಜ್ ಮಾಡಿ, ಹತ್ತು ನಿಮಿಷ ಬಿಟ್ಟು ಮತ್ತೊಮ್ಮೆ ಮಾಡಿ. ಗಾಜು ತಾನಾಗಿ ಚಾರ್ಜ್ ತುಂಬಿಕೊಳ್ಳುತ್ತದೆ. ಕನ್ನಡಕ ಹಾಕಿ, ಪರದೆ ಎದೆಗೆ ಬರುವಂತೆ ಎತ್ತಿ, ಕತ್ತು ಹಿಡಿಯಬೇಡಿ. ಪಾರ್ಸೆಲ್‌ನಲ್ಲಿ ಬರುವ ಟ್ಯೂಬ್ ಪರದೆ ಕೆಳಗಾಗಿ, ಡಬ್ಬದೊಳಗೆ ಡಬ್ಬದಲ್ಲಿ ಬರಲಿ. ಬೇಸ್ ಒಳಗಿನ ಪುಟ್ಟ ಗಾಜಿನ ಮೊಳೆ ಮುರಿದಿದ್ದರೆ ಹೊರಗೆ ಏನೂ ಕಾಣದಿದ್ದರೂ ಗಾಳಿ ಹೊಕ್ಕಾಗಿರುತ್ತದೆ. ಹಣ ಕೊಡುವ ಮುನ್ನ ಗೆಟರ್ ನೋಡಿ.