ಹಾಸನದಲ್ಲಿ ತಗೊಂಡ ವೈರ್ ಗೇಜ್ ಪ್ಲೇಟು, ನಾಲ್ಕು ತಿಂಗಳು ಬಳಸಿದ್ಮೇಲೆ

ಮನೇಲಿ ಕೂತು ಸರ್ಕ್ಯೂಟ್ ಮಾಡೋ ಹುಚ್ಚು ಇರೋರಿಗೆ ಉಪಯೋಗ ಆಗ್ಲಿ ಅಂತ ಬರೀತಿದೀನಿ. ಗೇಜ್ ಅಂದ್ರೆ ವೈರಿನ ದಪ್ಪಕ್ಕೆ ಕೊಟ್ಟಿರೋ ನಂಬರು, ನಂಬರ್ ಹೆಚ್ಚಾದಷ್ಟೂ ವೈರ್ ಸಣ್ಣ. ತಗೊಂಡಿದ್ದು ಅದನ್ನ ಅಳೆಯೋ ಸ್ಟೀಲಿನ ರೌಂಡ್ ವೈರ್ ಗೇಜ್ ಪ್ಲೇಟು, ಅಂಗೈ ಅಗಲ ಇದೆ, ಅಂಚಿನ ಸುತ್ತ 1ರಿಂದ 36ರ ತನಕ ಸೀಳು ಕೊರ್ದಿದಾರೆ, ಮುಂದ್ಗಡೆ ಗೇಜ್ ನಂಬರು, ಹಿಂದ್ಗಡೆ ಅದೇ ಅಳತೆ ಇಂಚಲ್ಲಿ. ಬಿ.ಎಂ. ರೋಡಿನ ಒಂದು ಹಾರ್ಡ್‌ವೇರ್ ಅಂಗಡೀಲಿ 320 ರೂಪಾಯಿ ಕೊಟ್ಟೆ.

ಇದನ್ನ ತಗೊಳೋ ಹಂಗೆ ಮಾಡಿದ್ದು ಒಂದು ಕಾಯಿಲ್, ಅಂದ್ರೆ ವೈರ್ ಸುರುಳಿ. ಪವರ್ ಸಪ್ಲೈಗೆ ಫೆರೈಟ್ ಕೋರಿನ ಬಾಬಿನ್ (ವೈರ್ ಸುತ್ತೋ ಉರುಳೆ) ಮೇಲೆ 26 ಗೇಜ್ ವೈರಲ್ಲಿ 120 ಸುತ್ತು ಅಂತ ಒಂದು ವಿಡಿಯೋದಲ್ಲಿ ಹೇಳಿದ್ರು, ನಾನು ಹೋಗಿ 26 ಗೇಜ್ ಎನಾಮಲ್ ವೈರ್ (ಮೇಲೆ ತೆಳು ಕೋಟಿಂಗ್ ಇರೋ ತಾಮ್ರದ ವೈರ್) ಕೊಡಿ ಅಂದೆ, ಅಂಗಡಿಯೋರು ತೂಕ ಹಾಕಿ ಕೊಟ್ರು, ಮನೇಗ್ ಬಂದು ಸುತ್ತಿದ್ರೆ 90 ಸುತ್ತು ದಾಟೋಷ್ಟರಲ್ಲೇ ಬಾಬಿನ್ ತುಂಬೋಯ್ತು. ಎರಡು ಸಲ ಬಿಚ್ಚಿ ಸುತ್ತಿದೆ, ಒತ್ತಿ ಒತ್ತಿ ಸುತ್ತಿದೆ, ಅಷ್ಟೇ. ವೈರ್ ಹಾಳು, ಒಂದು ಭಾನುವಾರ ಪೂರ್ತಿ ಹಾಳು.

ಆಮೇಲೆ ಆ ತುಂಡು ಹಿಡ್ಕೊಂಡು ನಮ್ಮ ಕಡೆ ಮೋಟ್ರು ರೀವೈಂಡಿಂಗ್ ಮಾಡೋ ಒಬ್ರು ಹಿರಿಯರ ಹತ್ರ ಹೋದೆ. ಬೇಸಿಗೆ ಶುರುವಾದ್ರೆ ಸಕಲೇಶಪುರ ಕಡೆ ಕಾಫಿ ತೋಟದ ಸ್ಪ್ರಿಂಕ್ಲರ್ ಪಂಪುಗಳೆಲ್ಲ ಸುಟ್ಕೊಂಡು ಅವ್ರ ಅಂಗಡಿ ಮುಂದೆ ಸಾಲಾಗಿ ಬಿದ್ದಿರ್ತವೆ, ಅಷ್ಟು ಕೆಲಸದ ಮಧ್ಯೆನೂ ಕೂರಿಸಿ ಹೇಳಿದ್ರು. "ನೋಡಪ್ಪ, ನಮ್ಗೆ ಗೇಜ್ ಅಂದ್ರೆ ಎಸ್‌ಡಬ್ಲ್ಯೂಜಿ. ನೀನು ನೋಡಿರೋದು ಅಮೆರಿಕದೋರ್ದು. ನಂಬರ್ ಹೇಳ್ಬೇಡ, ಎಷ್ಟು ಎಂಎಂ ಬೇಕು ಅಂತ ಹೇಳು, ಕೊಡ್ತೀನಿ."

ವಿಷಯ ಇರೋದೆಲ್ಲ ಇಲ್ಲೇ. ಬ್ರಿಟನ್ನಿನ ಎಸ್‌ಡಬ್ಲ್ಯೂಜಿ, ಅಂದ್ರೆ ಸ್ಟ್ಯಾಂಡರ್ಡ್ ವೈರ್ ಗೇಜ್, 1884ರಿಂದ ಜಾರಿಗೆ ಬಂದಿದ್ದು, ನಮ್ಮ ವೈಂಡಿಂಗ್ ಅಂಗಡಿಗಳಲ್ಲಿ ಇವತ್ತಿಗೂ ಅದೇ ಲೆಕ್ಕ. ಆನ್‌ಲೈನಲ್ಲಿ ಸಿಗೋ ಡಿಸೈನೆಲ್ಲ ಹೆಚ್ಚಾಗಿ ಎಡಬ್ಲ್ಯೂಜಿ, ಅಂದ್ರೆ ಅಮೆರಿಕನ್ ಗೇಜ್. 26 ಎಡಬ್ಲ್ಯೂಜಿ ಅಂದ್ರೆ 0.405 ಎಂಎಂ, 26 ಎಸ್‌ಡಬ್ಲ್ಯೂಜಿ ಅಂದ್ರೆ 0.457. ನೋಡೋಕೆ ಕೂದಲೆಳೆ ವ್ಯತ್ಯಾಸ, ಆದ್ರೆ ಬಾಬಿನಲ್ಲಿ ಜಾಗ ತಿನ್ನೋದು ವ್ಯಾಸ ಇಂಟು ವ್ಯಾಸದ ಲೆಕ್ಕದಲ್ಲಿ, ಹಂಗಾಗಿ 27 ಪರ್ಸೆಂಟ್ ಜಾಸ್ತಿ ಆಗೋಯ್ತು. ನಂಗೆ ಬೇಕಿದ್ದಿದ್ದು ನಮ್ಮ ಲೆಕ್ಕದಲ್ಲಿ 27 ನಂಬರು, 0.417 ಎಂಎಂ. ಸಣ್ಣ ವೈರಿಗೆ ಹೋದಷ್ಟೂ ಅಂತರ ಜೋರಾಗುತ್ತೆ, 36 ಎಸ್‌ಡಬ್ಲ್ಯೂಜಿ 0.193, ಅದೇ 36 ಅಮೆರಿಕನ್ನು ಬರೀ 0.127. ಬ್ರೆಡ್‌ಬೋರ್ಡಿಗೆ (ಬೆಸುಗೆ ಇಲ್ದೆ ತೂತಿಗೆ ವೈರ್ ಸಿಕ್ಕಿಸಿ ಸರ್ಕ್ಯೂಟ್ ಜೋಡಿಸೋ ಬೋರ್ಡು) 22 ಗೇಜ್ ಗಟ್ಟಿ ವೈರ್ ಅಂತಾರಲ್ಲ, ಅದೂ ಅಮೆರಿಕನ್ನೇ, 0.64 ಎಂಎಂ. ನಮ್ಮ 22 ತಂದು ತುರುಕಿದ್ರೆ ಅದು 0.71, ಬಿಗಿಯಾಗಿ ಹೋಗಿ ಒಳಗಿನ ಕ್ಲಿಪ್ ಸಡಿಲ ಆಗ್ಬಹುದು.

ಈಗ ಪ್ಲೇಟಿನ ವಿಷಯ. ತಗೊಳೋವಾಗ ಮೊದ್ಲು ನೋಡ್ಬೇಕಾದ್ದು ಮೇಲೆ ಎಸ್‌ಡಬ್ಲ್ಯೂಜಿ ಅಂತ ಇದ್ಯಾ ಎಡಬ್ಲ್ಯೂಜಿ ಅಂತ ಇದ್ಯಾ ಅಂತ, ಎರಡೂ ನೋಡೋಕೆ ಒಂದೇ ಥರ ಇರ್ತವೆ. ನಂದು ಎಸ್‌ಡಬ್ಲ್ಯೂಜಿ. ಹಿಂದಿರೋ ಇಂಚಿನ ಅಂಕಿನ 25.4ರಿಂದ ಗುಣಿಸಿದ್ರೆ ಎಂಎಂ ಬರುತ್ತೆ, ಹಂಗಾಗಿ ಯಾವ ಲೆಕ್ಕಕ್ಕೆ ಬೇಕಾದ್ರೂ ತಿರುಗಿಸ್ಕೋಬಹುದು. ಇನ್ನೊಂದು, ನಾನು ಮೊದಲ ವಾರ ತಪ್ಪಾಗೇ ಅಳೀತಿದ್ದೆ, ಸೀಳಿನ ಕೊನೇಲಿ ಒಂದು ದುಂಡು ತೂತು ಇರುತ್ತಲ್ಲ, ಅದ್ರಲ್ಲಿ ವೈರ್ ಕೂರಿಸಿ ನೋಡ್ತಿದ್ದೆ. ಅಳತೆ ಇರೋದು ಸೀಳಲ್ಲಿ, ತೂತು ವೈರು ಈಚೆ ತೆಗೆಯೋಕೆ ಜಾಗ ಅಷ್ಟೇ. ದೊಡ್ಡ ಸೀಳಿಂದ ಶುರು ಮಾಡಿ ಒಂದೊಂದೇ ಇಳೀತಾ ಬನ್ನಿ, ಒತ್ತದೆ ಸವರ್ಕೊಂಡು ಹೋಗೋ ಕೊನೇ ಸೀಳು ಯಾವುದೋ ಅದೇ ನಿಮ್ಮ ಗೇಜು. ಎನಾಮಲ್ ವೈರ್ ಆದ್ರೆ ತುದಿನ ಲೈಟರಲ್ಲಿ ಸುಟ್ಟು ಬಟ್ಟೇಲಿ ಒರೆಸಿ ಆಮೇಲೆ ಅಳೀರಿ, ಇಲ್ಲಾಂದ್ರೆ ಕೋಟಿಂಗ್ ಸೇರ್ಕೊಂಡು ಒಂದು ನಂಬರ್ ದಪ್ಪ ತೋರ್ಸುತ್ತೆ. ಕಿಟಕಿ ತೆಗೆದಿಟ್ಟು ಸುಡಿ, ಹೊಗೆ ಒಳ್ಳೇದಲ್ಲ. ಉಪ್ಪುಕಾಗದ ಹಾಕಿ ತಿಕ್ಕಿದ್ರೆ ತಾಮ್ರನೇ ಸವೆದೋಗುತ್ತೆ.

ಕೊರತೆನೂ ಇದೆ. 33ರಿಂದ 36ರ ಸೀಳುಗಳಲ್ಲಿ ಕೊರೆಯೋವಾಗ ಉಳಿದ ಚೂರು ಹಂಗೇ ಇತ್ತು, ಹೋಗ್ಬೇಕಾದ ವೈರ್ ಹೋಗ್ತಿರ್ಲಿಲ್ಲ, ಬ್ಲೇಡಲ್ಲಿ ಕೆರೆದು ಸರಿ ಮಾಡ್ಕೊಂಡೆ. ಆ ಸೈಜಿಗೆ ಡಿಜಿಟಲ್ ಕ್ಯಾಲಿಪರ್ ತಂದ್ರೂ ನೆಮ್ಮದಿ ಇಲ್ಲ. ಪರದೆ ಮೇಲೆ 0.01 ತೋರ್ಸಿದ್ರೂ 0.02, 0.03 ಆಚೀಚೆ ಇರುತ್ತೆ, 35 ನಂಬರಿಗೂ 36ಕ್ಕೂ ಇರೋ ಅಂತರನೇ 0.02. ಪಿಯುಸಿ ಲ್ಯಾಬಲ್ಲಿ ಬಳಸಿದ ಸ್ಕ್ರೂ ಗೇಜ್ ಸಿಕ್ರೆ ಅದೇ ಸರಿ, ಝೀರೋ ಎರರ್, ಅಂದ್ರೆ ಏನೂ ಇಡದೆ ಮುಚ್ಚಿದಾಗ್ಲೂ ತೋರ್ಸೋ ಅಳತೆ, ಕಳೆಯೋದು ಮರೀಬೇಡಿ. ಅದೂ ಇಲ್ಲ ಅಂದ್ರೆ ಪೆನ್ಸಿಲ್ ಮೇಲೆ ಒಂದಕ್ಕೊಂದು ಅಂಟ್ಕೊಂಡಂಗೆ 20 ಸುತ್ತು ಸುತ್ತಿ, ಸ್ಕೇಲಲ್ಲಿ ಅಳೆದು 20ರಿಂದ ಭಾಗಿಸಿ. ಕಾಸಿಲ್ಲದ ಉಪಾಯ, ನಾನು ಈಗ್ಲೂ ಮಾಡ್ತೀನಿ, ಅಳತೇಲಾಗೋ ತಪ್ಪೂ 20ರಿಂದ ಭಾಗ ಆಗುತ್ತೆ.

ಸಣ್ಣ ಎಳೆಗಳನ್ನ ಸೇರಿಸಿ ಮಾಡಿರೋ ಎಳೆ ವೈರಿಗೆ ಈ ಪ್ಲೇಟ್ ನೇರವಾಗಿ ಆಗಲ್ಲ, ಹೊಸೆದು ಸೀಳಿಗೆ ತುರುಕಿದ್ರೆ ಎಳೆ ಮಧ್ಯದ ಗಾಳಿನೂ ಲೆಕ್ಕಕ್ಕೆ ಬರುತ್ತೆ. ಎಳೆ ಎಣಿಸಿ, ಒಂದೆಳೆ ಅಳೆದು, ಕ್ಷೇತ್ರಫಲ ಹಾಕ್ಬೇಕು. 7/0.2 ಅಂದ್ರೆ 0.2 ಎಂಎಂದು ಏಳು ಎಳೆ, 0.22 ಚದರ ಎಂಎಂ, ಹೆಚ್ಚುಕಮ್ಮಿ 24 ಎಡಬ್ಲ್ಯೂಜಿ. ಅಂಗಡೀಲಿ 23/76 ಅಂತಾರಲ್ಲ, ಅದ್ರಲ್ಲಿ 23 ಎಳೆ ಲೆಕ್ಕ, 76 ಅಂದ್ರೆ ಒಂದೆಳೆ 0.0076 ಇಂಚು, ಅಂದ್ರೆ ಇದೇ ಪ್ಲೇಟಿನ 36 ನಂಬರು! ಅದು ಹೊಳೆದ ದಿನ ತುಂಬಾ ಖುಷಿ ಆಯ್ತು. ಮನೆ ವೈರಿಂಗಿನೋರು ಒಂದು ಎಂಎಂ, ಎರಡೂವರೆ ಎಂಎಂ ಅನ್ನೋದು ಮತ್ತೆ ಬೇರೆ, ಅದು ವ್ಯಾಸ ಅಲ್ಲ ಚದರ ಎಂಎಂ, ಗಟ್ಟಿ ತಂತಿ ಆದ್ರೆ ಒಂದಕ್ಕೆ ವ್ಯಾಸ 1.13 ಬರುತ್ತೆ.

ಮತ್ತೆ ಈ ಪ್ಲೇಟ್ ದಪ್ಪ ಹೇಳುತ್ತೆ, ತಾಮ್ರನಾ ಅಲ್ವಾ ಅಂತ ಹೇಳಲ್ಲ. ಕಮ್ಮಿ ರೇಟಿನ ನೆಟ್‌ವರ್ಕ್ ಕೇಬಲ್ ಬಿಚ್ಚಿ ಅಳೆದೆ, ಅಳತೆ ಪಕ್ಕಾ ಇತ್ತು, ಚಾಕುಲಿ ಕೆರೆದ್ರೆ ಒಳಗೆ ಬೆಳ್ಳಗೆ ಅಲ್ಯೂಮಿನಿಯಂ. ಹಂಗಾಗಿ ಅಳೆಯೋಕ್ ಮುಂಚೆ ಒಂದ್ ಸಲ ಕೆರೆದು ನೋಡೋದು ಈಗ ಅಭ್ಯಾಸ ಆಗಿದೆ.

ಐದಕ್ಕೆ ನಾಲ್ಕು ಕೊಡ್ತೀನಿ, ಒಂದು ಕಳೆದಿದ್ದು ಆ ಸಣ್ಣ ಸೀಳುಗಳಿಗೆ. ತಗೊಳೋಕ್ ಹೋಗೋವಾಗ ಸೈಜ್ ಗೊತ್ತಿರೋ ಒಂದೆರಡು ವೈರ್ ತುಂಡು ಜೇಬಲ್ಲಿ ಹಾಕ್ಕೊಂಡು ಹೋಗಿ, ಅಂಗಡೀಲೇ ಸೀಳಿಗೆ ಹಾಕಿ ನೋಡಿ ಕಾಸು ಕೊಡಿ.